ಕೆರೆ ಏರಿಯ ಕ್ರಿಯಾಪದಗಳು

ನವೆಂಬರ್, ಎರಡನೇ ಭಾನುವಾರ. ಬೆಳಿಗ್ಗೆ 6.40. ತೆಳು ಮಂಜು. ಗಾಳಿ ಇಲ್ಲ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ. ನೀರು ಬೂದಿ ಬಣ್ಣಕ್ಕಿದೆ. ದಡದಿಂದ ಇಪ್ಪತ್ತು ಮಾರು ದೂರದಲ್ಲಿ ನೀರಿನಿಂದ ಮೇಲೆದ್ದ ಒಣ ಕೊಂಬೆಯ ಮೇಲೆ ನೀರುಕಾಗೆಯೊಂದು ಎರಡೂ ರೆಕ್ಕೆ ಹರವಿಕೊಂಡು ಕೂತಿದೆ. ಈಗ ತಾನೇ ಮುಳುಗಿ ಎದ್ದಿರಬೇಕು, ಎದೆಯಿಂದ ನೀರು ತೊಟ್ಟಿಕ್ಕುತ್ತಿದೆ.

ನನ್ನ ಜೊತೆ ಒಂಬತ್ತು ಮಕ್ಕಳು. ಐದರಿಂದ ಎಂಟನೇ ತರಗತಿಯವರೆಗಿನವರು. ಏಳು ಮಂದಿಯ ಮನೆಮಾತು ಕನ್ನಡವೇ. ಒಬ್ಬ ಹುಡುಗನ ಮನೆಯಲ್ಲಿ ಉರ್ದು, ಒಬ್ಬಳ ಮನೆಯಲ್ಲಿ ಒಡಿಯಾ. ಎಲ್ಲರೂ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಮಕ್ಕಳು ಬರುವುದು ಹಕ್ಕಿ ನೋಡಲು, ಆದರೆ ಕಳಿಸುವವರ ಮನಸ್ಸಿನಲ್ಲಿ ಇನ್ನೊಂದು ಆಸೆ ಇದೆ. "ಸರ್, ಹಕ್ಕಿ ನೆಪದಲ್ಲಿ ಸ್ವಲ್ಪ ಕನ್ನಡಾನೂ ಬರಲಿ" ಎಂದು ಮೊದಲ ದಿನವೇ ಒಬ್ಬ ತಾಯಿ ಹೇಳಿ ಹೋಗಿದ್ದರು.

ಹತ್ತು ನಿಮಿಷ ಮಾತಿಲ್ಲದೆ ನೋಡಿ, ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಿರಿ ಎಂದೆ. ಏಳನೇ ತರಗತಿಯ ಹುಡುಗನೊಬ್ಬನ ಪುಸ್ತಕದಲ್ಲಿ ಇದ್ದದ್ದು ಹೀಗೆ: "ಬರ್ಡ್ ವಿಂಗ್ಸ್ ಓಪನ್ ಮಾಡ್ತು. ಡ್ರೈ ಮಾಡ್ತು. ಆಮೇಲೆ ಜಂಪ್ ಮಾಡ್ತು. ಡೈವ್ ಮಾಡ್ತು. ಫಿಶ್ ಕ್ಯಾಚ್ ಮಾಡ್ತು."

ಕಾಡಿನಲ್ಲಿ ಕಂಡ ಹೆಜ್ಜೆಗುರುತನ್ನು ಅಳೆದು ಬರೆದುಕೊಳ್ಳುವ ಹಾಗೆ ಆ ಐದು ವಾಕ್ಯಗಳನ್ನು ನನ್ನ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ. ಹುಡುಗ ಚೆನ್ನಾಗಿ ನೋಡಿದ್ದಾನೆ. ಕ್ರಮ ಸರಿಯಾಗಿದೆ, ಏನೂ ಬಿಟ್ಟಿಲ್ಲ. ಆದರೆ ಐದು ಕೆಲಸಗಳಿಗೂ ಅವನ ಬಳಿ ಇರುವ ಕನ್ನಡದ ಕ್ರಿಯಾಪದ ಒಂದೇ. ತೆರೆ, ಒಣಗಿಸು, ನೆಗೆ, ಮುಳುಗು, ಹಿಡಿ ಎಂಬ ಐದನ್ನೂ 'ಮಾಡು' ಒಂದೇ ನುಂಗಿಬಿಟ್ಟಿದೆ. ಉಳಿದವರ ಪುಸ್ತಕಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದವು.

ನಾಮಪದಗಳು ಬೇಗ ಬರುತ್ತವೆ, ಬೆರಳು ತೋರಿಸಿದರೆ ಸಾಕು. ಮಾತಿಗೆ ಜೀವ ಬರುವುದು ಕ್ರಿಯಾಪದದಿಂದ, ಮೊದಲು ಬತ್ತುವುದೂ ಅದೇ. ಹಾಗಾಗಿ ಈ ಋತುವಿನಲ್ಲಿ ಹಕ್ಕಿಗಳ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯುವುದೆಂದು ನಿಶ್ಚಯಿಸಿದೆ. ಹಕ್ಕಿ ಯಾವುದು ಎನ್ನುವುದು ಒಂದು ಕಡೆ, ಹಕ್ಕಿ ಏನು ಮಾಡಿತು ಎನ್ನುವುದು ಇನ್ನೊಂದು ಕಡೆ. ಎರಡನೆಯದರಲ್ಲಿ 'ಮಾಡು' ಬರೆಯುವಂತಿಲ್ಲ.

ಈ ಕೆಲಸಕ್ಕೆ ಕುಕ್ಕರಹಳ್ಳಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಮಗ್ಗುಲಲ್ಲೇ ಮೈಸೂರು ವಿಶ್ವವಿದ್ಯಾಲಯದ ಆವರಣ, ಮಾನಸಗಂಗೋತ್ರಿ. ಆ ಹೆಸರಿಟ್ಟ ಕುವೆಂಪು ಇದೇ ಏರಿಯ ಮೇಲೆ ನಡೆದಾಡುತ್ತಿದ್ದರು, ಹಕ್ಕಿಗಳ ಹೆಸರಿನಲ್ಲೇ 'ಪಕ್ಷಿಕಾಶಿ' ಎಂಬ ಕವನ ಸಂಕಲನ ತಂದವರು ಅವರು. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವೂ ಇಲ್ಲೇ ಇದೆ. ಬೇರೆ ರಾಜ್ಯಗಳ ಶಿಕ್ಷಕರು ಅಲ್ಲಿ ಹತ್ತು ತಿಂಗಳು ಉಳಿದು ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು ಕಲಿತು ಹೋಗುತ್ತಾರೆ. ವಾಕ್ ಶ್ರವಣ ಸಂಸ್ಥೆ, ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಮಾತಿನ ಮನೆಗಳ ನಡುವೆ ಒಂದು ಕೆರೆ, ಕೆರೆಯ ತುಂಬ ಹಕ್ಕಿ.

ಡಿಸೆಂಬರ್, ಮೊದಲ ಭಾನುವಾರ. 7.00. ಬಿಸಿಲು.

ಇಂದು ಹೆಸರುಗಳ ದಿನ. ಕಪ್ಪು ಮೈ, ಹಣೆಯ ಮೇಲೆ ಅಚ್ಚ ಬಿಳಿ ಪಟ್ಟಿ ಇರುವ ಹಕ್ಕಿಗಳು ಗುಂಪಾಗಿ ತೇಲುತ್ತಿದ್ದವು. ಒಬ್ಬಳು ಫೋನು ಹಿಡಿದು ಫೋಟೊ ತೆಗೆದಳು. ಮರ್ಲಿನ್ ಎಂಬ ಆ್ಯಪ್ ಕ್ಷಣದಲ್ಲೇ ಇಂಗ್ಲಿಷ್ ಹೆಸರು ಕೊಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯದವರು ಮಾಡಿದ್ದು ಅದು. ಹೆಸರು ಸರಿಯಾಗಿಯೇ ಇತ್ತು.

"ನಮ್ಮವರು ಇದನ್ನು ನಾಮದ ಕೋಳಿ ಅಂತಾರೆ" ಎಂದೆ. ಕಾರಣ ಹೇಳಬೇಕಾಗಲಿಲ್ಲ. ಉರ್ದು ಮನೆಮಾತಿನ ಹುಡುಗನೇ ಹಣೆ ಮುಟ್ಟಿಕೊಂಡು, "ನಮ್ಮ ಬೀದಿಯ ಅಯ್ಯಂಗಾರ್ ತಾತ ಹಾಕ್ಕೊಳ್ತಾರಲ್ಲ, ಆ ನಾಮ!" ಎಂದ. ಆ ಹಕ್ಕಿಯ ಹೆಸರನ್ನು ಅವನು ಇನ್ನು ಮರೆಯುವುದಿಲ್ಲ. ಹೆಸರಿನ ಜೊತೆ ಅವನ ಬೀದಿಯೇ ಬಂದಿದೆ.

ತೇಜಸ್ವಿಯವರ 'ಹಕ್ಕಿ ಪುಕ್ಕ' ನನ್ನ ಚೀಲದಲ್ಲಿತ್ತು. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳನ್ನು ಹಿಂಬಾಲಿಸಿದ ಅವರೇ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿಯೂ ದುಡಿದರು. ಕಾಡು ಬೇರೆ ಕಂಪ್ಯೂಟರ್ ಬೇರೆ ಎಂದು ಅವರಿಗೆ ಅನ್ನಿಸಲಿಲ್ಲ. ಆ ನೆನಪಿನ ಬಲದಲ್ಲಿ ನಾನು ಮಕ್ಕಳ ಕೈಯಿಂದ ಫೋನು ಕಸಿದುಕೊಳ್ಳುವುದಿಲ್ಲ. ಫೋನಿನ ಹೆಸರನ್ನು ಪುಸ್ತಕದ ಹೆಸರಿನ ಜೊತೆ ಇಟ್ಟು ನೋಡುತ್ತೇವೆ.

ಹಾಗೆ ನೋಡುವಾಗ ಹುಡುಗಿಯೊಬ್ಬಳಿಗೆ ಹೊಳೆದದ್ದನ್ನು ಇಲ್ಲಿ ಬರೆದಿಡಬೇಕು. "ಸರ್, ಕೆಲವು ಹೆಸರಿನ ಒಳಗೇ ಕೆಲಸ ಇದೆ." ನಿಜ. ಗುಳುಮುಳುಕದಲ್ಲಿ ಮುಳುಗುವುದು ಕೇಳಿಸುತ್ತದೆ. ಮರಕುಟಿಗದಲ್ಲಿ ಕುಟ್ಟುವುದಿದೆ. ಹಾವಕ್ಕಿಗೆ ನೀರಿನ ಮೇಲೆ ಹಾವಿನ ಹಾಗೆ ಆಡುವ ಕತ್ತಿದೆ. ಟಿಟ್ಟಿಭ ತನ್ನ ಕೂಗನ್ನೇ ಹೆಸರು ಮಾಡಿಕೊಂಡಿದೆ. ಹಕ್ಕಿಯನ್ನು ದಿನಾ ನೋಡುತ್ತಿದ್ದವರು ಇಟ್ಟ ಹೆಸರುಗಳು ಇವು. ಎರಡನೇ ಪಟ್ಟಿಗೆ ಅಂದು 'ಮುಳುಗು', 'ಕುಟ್ಟು', 'ತೇಲು' ಸೇರಿದವು.

ಜನವರಿ, ಮೂರನೇ ಭಾನುವಾರ. 7.15. ಚಳಿ.

ಕೆರೆಯ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು. ಒಂದು ಕೆಳಗೆ ನೀರಿನಲ್ಲಿದೆ, ದಡಕ್ಕೆ ಹತ್ತಿರ. ನಲವತ್ತು ನಿಮಿಷ ಅದೊಂದನ್ನೇ ನೋಡಿದೆವು.

ಹೆಜ್ಜಾರ್ಲೆ ಮೀನು ಹಿಡಿಯುವ ರೀತಿ ನಿಧಾನವಾಗಿ ನೋಡಬೇಕಾದ್ದು. ಕೊಕ್ಕಿನ ಕೆಳಗೆ ಜೋತ ಚೀಲವಿದೆ. ಕೊಕ್ಕು ನೀರಿಗಿಟ್ಟಾಗ ಚೀಲ ಅಗಲವಾಗಿ ಹಿಗ್ಗುತ್ತದೆ, ನೀರು ಮೀನು ಎರಡೂ ಒಳಗೆ ಬರುತ್ತವೆ. ಆಮೇಲೆ ಕೊಕ್ಕನ್ನು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸುತ್ತದೆ. ಚೀಲ ಕುಗ್ಗುತ್ತಾ ಬದಿಗಳಿಂದ ನೀರು ಸೋರಿ ಹೋಗುತ್ತದೆ. ಕೊನೆಗೆ ತಲೆ ಎತ್ತಿ ಒಂದು ಸಲ ಕೊಡವಿದರೆ ಮೀನು ಗಂಟಲಿಗೆ.

"ಇದನ್ನು ಹೇಗೆ ಬರೆಯೋದು ಸರ್? ಸ್ಕೂಪ್ ಮಾಡ್ತು ಅಂತ ಬರೆಯಂಗಿಲ್ಲ."

"ಮನೆಯಲ್ಲಿ ಹಂಡೆಯಿಂದ ಚೊಂಬಿಗೆ ನೀರು ಹೇಗೆ ತಗೋತೀರಿ?"

ಯಾರ ಮನೆಯಲ್ಲೂ ಹಂಡೆ ಇಲ್ಲ. ಎಲ್ಲರ ಮನೆಯಲ್ಲೂ ನಲ್ಲಿ. ಕೊನೆಗೆ ಬನ್ನೂರಿನ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ಮನೆಯಿರುವ ಹುಡುಗಿಯೊಬ್ಬಳು, "ಮೊಗೆಯೋದು!" ಎಂದಳು. ನೀರನ್ನು ಹೊರಗೆ ಬಿಡುವುದಕ್ಕೆ ಮಾತು ಯಾರಿಗೂ ಸಿಗಲಿಲ್ಲ. ಅದನ್ನು ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಕಳಿಸಿದೆ. ಮುಂದಿನ ವಾರ ನಾಲ್ವರು ಒಂದೇ ಉತ್ತರ ತಂದರು: ಬಸಿ. ಕುಕ್ಕರ್ ಬರುವ ಮೊದಲು ಅಜ್ಜಿಯಂದಿರು ಅನ್ನ ಬೆಂದ ಮೇಲೆ ಗಂಜಿ ಬಸಿಯುತ್ತಿದ್ದರು. ಆ ಅಡುಗೆ ನಿಂತ ಮೇಲೆ ಮಾತೂ ಮೂಲೆ ಸೇರಿತ್ತು. ಈಗ ಅದು ಹೆಜ್ಜಾರ್ಲೆಯ ಕೊಕ್ಕಿನಿಂದ ಮರಳಿ ಬಂದಿದೆ.

ಒಂಬತ್ತು ಪುಸ್ತಕಗಳಲ್ಲೂ ಈಗ ಒಂದೇ ವಾಕ್ಯವಿದೆ: ಹೆಜ್ಜಾರ್ಲೆ ನೀರು ಮೊಗೆದು, ಬಸಿದು, ಮೀನು ನುಂಗಿತು.

ಮಾತಿನ ಜೊತೆ ಸಂಸ್ಕೃತಿಯನ್ನೂ ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆಗ ನಮ್ಮ ಕಣ್ಣ ಮುಂದೆ ಬರುವುದು ಹಬ್ಬ, ಉಡುಗೆ, ಕುಣಿತ. ಅವೂ ಬೇಕು. ಆದರೆ ಸಂಸ್ಕೃತಿಯ ದೊಡ್ಡ ಪಾಲು ಹಂಡೆಯಲ್ಲಿ, ಒಲೆಯಲ್ಲಿ, ಕೈಕೆಲಸದಲ್ಲಿದೆ. ಕ್ರಿಯಾಪದಗಳು ವಾಸಿಸುವುದು ಅಲ್ಲಿ.

ಜನವರಿ, ಕೊನೆಯ ಭಾನುವಾರ. 6.50. ಗಾಳಿ.

ಒಡಿಯಾ ಹುಡುಗಿಯ ಬಗ್ಗೆ. ಅವಳ ಕುಟುಂಬ ಚಿಲಿಕಾ ಸರೋವರದ ಕಡೆಯದು. ಹಕ್ಕಿಗಳನ್ನು ನಮ್ಮೆಲ್ಲರಿಗಿಂತ ಮೊದಲು ನೋಡುವವಳು ಅವಳು. ಬೆಳ್ಳಕ್ಕಿ ಕಂಡ ಮೊದಲ ದಿನ "ಬಗ" ಎಂದು ಕೂಗಿದಳು. ಬಗ, ನಮ್ಮ ಬಕ. ಬಕಪಕ್ಷಿ ಗೊತ್ತಿದ್ದ ಮಕ್ಕಳು ಅವಳನ್ನು ಆ ಕ್ಷಣದಿಂದಲೇ ಒಳಗೆ ಕರೆದುಕೊಂಡರು.

ಮಾತಿನಲ್ಲಿ ಎರಡು ಸಂಗತಿ ಗಮನಿಸಿದೆ. ನಮ್ಮ ಮಕ್ಕಳು 'ಕಾಳು' ಎನ್ನುವಾಗ 'ಕಾಲು' ಎಂದುಬಿಡುತ್ತಾರೆ, ಅವಳು ಮಾತ್ರ ಎಂದೂ ತಪ್ಪುವುದಿಲ್ಲ. ಒಡಿಯಾದಲ್ಲಿ ಳಕಾರ ಗಟ್ಟಿಯಾಗಿದೆ. ಆದರೆ ಅವಳ ಭಾಷೆಯಲ್ಲಿ ಹ್ರಸ್ವ ಉಕಾರ ದೀರ್ಘ ಊಕಾರಗಳ ಭೇದ ಉಚ್ಚಾರದಲ್ಲಿ ಉಳಿದಿಲ್ಲ. ಹಾಗಾಗಿ ಕಡ್ಡಿ ಕಚ್ಚಿಕೊಂಡು ಹಾರಿದ ಹೆಜ್ಜಾರ್ಲೆಯನ್ನು ನೋಡಿ, "ಹಕ್ಕಿ ಗುಡಿಗೆ ಹೋಯಿತು" ಎಂದಳು. ಗೂಡಿಗೆ ಎನ್ನಬೇಕಿತ್ತು.

ನಾನು ಮೂರು ಸಲ ಹೇಳಿಕೊಟ್ಟೆ. ಅವಳ ಕಿವಿಗೆ ಎರಡೂ ಒಂದೇ ಥರ ಕೇಳುತ್ತಿದ್ದವು. ಕಿವಿಗೆ ಬೀಳದ ಭೇದವನ್ನು ಬಾಯಿ ಹೇಗೆ ಮಾಡೀತು?

ಆಗ ನೆರವಿಗೆ ಬಂದದ್ದು ಫೋನು. ಮರ್ಲಿನ್‌ನಲ್ಲಿ 2021ರಿಂದ ಹಕ್ಕಿಯ ದನಿ ಗುರುತಿಸುವ ಸೌಲಭ್ಯವಿದೆ. ಅದು ಮೊದಲು ಮಾಡುವ ಕೆಲಸ ದನಿಯನ್ನು ಚಿತ್ರವಾಗಿಸುವುದು. ಕಾಲ ಎಡದಿಂದ ಬಲಕ್ಕೆ ಸರಿಯುತ್ತದೆ, ದನಿ ಏರಿದರೆ ಗೆರೆ ಮೇಲಕ್ಕೆ ಹೋಗುತ್ತದೆ, ಇಳಿದರೆ ಕೆಳಕ್ಕೆ. ಆ ಚಿತ್ರದ ಆಕಾರ ನೋಡಿ ಹಕ್ಕಿ ಯಾವುದೆಂದು ಊಹಿಸುತ್ತದೆ. ಕೋಗಿಲೆಯ ಕೂಗು ಮೆಟ್ಟಿಲು ಹತ್ತುವುದನ್ನು ಅದರಲ್ಲಿ ಕಣ್ಣಾರೆ ನೋಡಬಹುದು. ಅದೇ ಪರದೆಯ ಮುಂದೆ ನಾನು 'ಗುಡಿಗೆ' ಎಂದೆ, ಸ್ವಲ್ಪ ತಡೆದು 'ಗೂಡಿಗೆ' ಎಂದೆ. ಮೊದಲನೆಯದರ ಮೊದಲ ಮಚ್ಚೆ ಚಿಕ್ಕದು, ಎರಡನೆಯದರದು ಉದ್ದ. ಅವಳು ಪರದೆಗೆ ಬೆರಳಿಟ್ಟು ಅಳೆದಳು. ತಾನೂ ಹೇಳಿ ನೋಡಿದಳು. ಚಿಕ್ಕದಾಯಿತು. ಇನ್ನೊಮ್ಮೆ ಹೇಳಿದಳು, ಸ್ವಲ್ಪ ಬೆಳೆಯಿತು. ಏಳನೆಯದೋ ಎಂಟನೆಯದೋ ಸಲಕ್ಕೆ ನನ್ನಷ್ಟೇ ಉದ್ದ ಬಂತು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು, ನಾಮದ ಕೋಳಿಗಳು ಗಾಬರಿಯಾಗಿ ನೀರ ಮೇಲೆ ಓಡಿ ದೂರ ಹೋದವು.

ಬಳಿಕ 'ಹಕ್ಕಿ' ಎಂದು ಹೇಳಿಸಿದೆ. ಒತ್ತಕ್ಷರದ ಜಾಗದಲ್ಲಿ ಚಿತ್ರದಲ್ಲಿ ಕಂಡದ್ದು ಒಂದು ಖಾಲಿ ಅಂತರ. 'ಹಕ್ಕಿ'ಯಂಥ ಪದದಲ್ಲಿ ಒತ್ತು ಎಂದರೆ ಅರೆಗಳಿಗೆ ಉಸಿರು ಹಿಡಿದ ಮೌನ. ಇಷ್ಟು ವರ್ಷ ಕನ್ನಡ ಮಾತಾಡಿದ ನಾನೂ ಆ ಮೌನವನ್ನು ಕಣ್ಣಿನಿಂದ ನೋಡಿದ್ದು ಅಂದೇ.

ಫೆಬ್ರವರಿ, ಮೂರನೇ ಭಾನುವಾರ. ಕೊಕ್ಕರೆಬೆಳ್ಳೂರು. 8.30. ಬಿಸಿಲು ಏರುತ್ತಿದೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ಹಕ್ಕಿಪ್ರಿಯರೆಲ್ಲ ತಮ್ಮ ಸುತ್ತಲಿನ ಹಕ್ಕಿಗಳನ್ನು ಎಣಿಸಿ ಜಾಲತಾಣಕ್ಕೆ ಸೇರಿಸುತ್ತಾರೆ. ನಿಯಮ ಸರಳ: ಕನಿಷ್ಠ ಹದಿನೈದು ನಿಮಿಷ ನೋಡಿ, ಕಂಡಿದ್ದನ್ನೆಲ್ಲ ಬರೆಯಬೇಕು. ನಾವು ಆ ಎಣಿಕೆಗೆ ಮದ್ದೂರು ತಾಲ್ಲೂಕಿನ ಈ ಹಳ್ಳಿಗೆ ಬಂದೆವು. ಹುಣಸೆ, ಅತ್ತಿ, ಆಲದ ಮರಗಳ ಮೇಲೆ ಮನೆಗಳ ನಡುವೆಯೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿವೆ. ಕೆಳಗೆ ಎಮ್ಮೆ ಕಟ್ಟಿದ್ದಾರೆ, ಬಟ್ಟೆ ಒಣಗಿಹಾಕಿದ್ದಾರೆ, ಮೇಲೆ ಮರಿಗಳ ಗದ್ದಲ.

ಎಣಿಕೆ ಮುಗಿಯಿತು. ಅಂಕಿಗಳನ್ನು ಫೋನಿಗೆ ತುಂಬಿದ ಮೇಲೆ ಒಂದು ಜಗಲಿಯಲ್ಲಿ ಕೂತಿದ್ದ ಹಿರಿಯ ಹೆಂಗಸನ್ನು ಮಾತಿಗೆಳೆದೆವು. ದನಿ ಹಿಡಿದುಕೊಳ್ಳಬಹುದೇ ಎಂದು ಮಕ್ಕಳೇ ಕೇಳಿದರು. ಆಕೆ ಸೆರಗು ಸರಿಮಾಡಿಕೊಂಡು ಒಪ್ಪಿದರು.

"ಅಜ್ಜಿ, ಇವು ಯಾಕೆ ಇಲ್ಲಿಗೇ ಬರುತ್ತವೆ?"

"ತವರು ಕಣಪ್ಪ ಇದು ಅವಕ್ಕೆ. ನಮ್ಮನೆ ಹೆಣ್ಮಕ್ಕಳು ಬಾಣಂತನಕ್ಕೆ ತವರಿಗೆ ಬರಾಕಿಲ್ವಾ? ಅಂಗೆಯ. ಮರಿ ದೊಡ್ಡವಾದ್ಮೇಕೆ ಕರ್ಕೊಂಡು ಹೊಂಟೋಯ್ತವೆ."

ಹಿಕ್ಕೆ ಬಿದ್ದು ಮರ ಕೆಡುವುದಿಲ್ಲವೇ, ವಾಸನೆ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, ಅದನ್ನು ಕೆರೆ ಗೋಡಿನ ಜೊತೆ ಸೇರಿಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವುದನ್ನು ವಿವರಿಸಿದರು. ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಊರಿನವರು ಸಾಕಿ ಬಿಡುವುದನ್ನೂ ಹೇಳಿದರು. ಅದಕ್ಕೆಂದೇ ಊರಿನಲ್ಲಿ 'ಹೆಜ್ಜಾರ್ಲೆ ಬಳಗ' ಹುಟ್ಟಿಕೊಂಡಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಮನೆಗೆ ಹೋದ ಮೇಲೆ ಮಕ್ಕಳು ಆ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಅಜ್ಜಿ ಹೇಳಿದ ಹಾಗೆಯೇ ಅಕ್ಷರಕ್ಕೆ ಇಳಿಸಿದರು. ಅರ್ಥವಾಗದ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿದರು. ಹತ್ತು ಸಲ ಕೇಳಿದರೂ ಬೇಸರ ಮಾಡಿಕೊಳ್ಳದ ಉಪಕರಣ ಅದು, ಕಲಿಯುವವನಿಗೆ ಅಂಥ ತಾಳ್ಮೆ ಮನುಷ್ಯರಿಂದ ಸಿಗುವುದು ಕಷ್ಟ. 'ಬರಾಕಿಲ್ವಾ' ಎಂಬುದು 'ಬರುವುದಿಲ್ಲವೇ' ಎಂದು ತಿಳಿಯಲು ಒಬ್ಬ ಹುಡುಗನಿಗೆ ಅರ್ಧ ಗಂಟೆ ಹಿಡಿಯಿತಂತೆ. ಪಠ್ಯಪುಸ್ತಕದ ಕನ್ನಡ ಒಂದೇ ಕನ್ನಡವಲ್ಲ ಎಂಬುದು ಆ ಅರ್ಧ ಗಂಟೆಯ ಪಾಠ. ಮುದ್ರಿಕೆಯ ಹಿನ್ನೆಲೆಯಲ್ಲಿ ಕಟಕಟ ಸದ್ದು ಬರುತ್ತಲೇ ಇದೆ. ಬಣ್ಣದ ಕೊಕ್ಕರೆ ಬೆಳೆದ ಮೇಲೆ ಹೆಚ್ಚುಕಡಿಮೆ ಮೂಗ ಹಕ್ಕಿ, ಗೂಡಿನಲ್ಲಿ ಜೋಡಿಯ ಜೊತೆ ಮಾತಾಡುವುದು ಕೊಕ್ಕು ಕುಟ್ಟಿ.

ನನ್ನ ಟಿಪ್ಪಣಿಯಲ್ಲಿ ಅಂದು ಇಂಗ್ಲಿಷ್‌ನಿಂದ ಬಂದ 'ಸಂತಾನಾಭಿವೃದ್ಧಿ ತಾಣ' ಎಂಬ ಮಾತಿತ್ತು. ಅದನ್ನು ಹೊಡೆದುಹಾಕಿ 'ತವರು' ಎಂದು ಬರೆದೆ.

ಮಾರ್ಚ್, ಎರಡನೇ ಭಾನುವಾರ. 7.30. ಕೆರೆ ಕನ್ನಡಿ ಹಾಗಿದೆ.

ಕಪ್ಪುಬಿಳುಪು ಮಿಂಚುಳ್ಳಿ. ನೀರಿನಿಂದ ಐದಾರು ಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಿದೆ. ಮೈ ಅಲುಗುವುದಿಲ್ಲ, ರೆಕ್ಕೆ ಮಾತ್ರ ಬಡಿಯುತ್ತಿದೆ, ಕೊಕ್ಕು ನೇರ ಕೆಳಕ್ಕೆ. ನೋಡನೋಡುತ್ತಾ ರೆಕ್ಕೆ ಮಡಚಿತು, ಬಿತ್ತು, ನೀರು ಸಿಡಿಯಿತು. ಹುಡುಗನೊಬ್ಬ ಅಷ್ಟನ್ನೂ ಫೋನಿನಲ್ಲಿ ಹಿಡಿದಿದ್ದ. ಮೂವತ್ತೆಂಟು ಸೆಕೆಂಡು.

ಸಂಜೆ ನಮ್ಮ ಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರ್‌ನಲ್ಲಿ ಸಿನಿಮಾ ನೋಡಿದೆವು. ಮೊದಲು ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ 'ವೈಲ್ಡ್ ಕರ್ನಾಟಕ'ದ ಕೆಲವು ನಿಮಿಷ. ನಮ್ಮ ಕಾಡಿನ ಈ ಚಿತ್ರಕ್ಕೆ ಇಂಗ್ಲಿಷ್‌ನಲ್ಲಿ ಡೇವಿಡ್ ಅಟೆನ್‌ಬರೊ ದನಿ ಕೊಟ್ಟಿದ್ದಾರೆ, ಕನ್ನಡದಲ್ಲಿ ರಿಷಬ್ ಶೆಟ್ಟಿ. ಒಂದೇ ದೃಶ್ಯಕ್ಕೆ ಎರಡು ಭಾಷೆ ಇರುವ ಸಿನಿಮಾ ಭಾಷೆ ಕಲಿಯುವವರಿಗೆ ದೊಡ್ಡ ಸಂಪತ್ತು. ಕಣ್ಣಿಗೆ ಅರ್ಥವಾದದ್ದನ್ನೇ ಕಿವಿ ಹೊಸ ಮಾತಿನಲ್ಲಿ ಕೇಳುತ್ತದೆ.

ಆಮೇಲೆ ನಮ್ಮದೇ ಮೂವತ್ತೆಂಟು ಸೆಕೆಂಡಿನ ಚಿತ್ರ, ದನಿ ಇಲ್ಲದೆ. ಒಬ್ಬೊಬ್ಬರೂ ಎದ್ದು ನಿಂತು ಕನ್ನಡದಲ್ಲಿ ವಿವರಣೆ ಕೊಡಬೇಕು, ಮಾತು ಮತ್ತು ಹಕ್ಕಿ ಒಟ್ಟಿಗೆ ಮುಗಿಯಬೇಕು. ಮೊದಲ ಮೂವರು ಹಕ್ಕಿಗಿಂತ ಹಿಂದೆ ಬಿದ್ದರು. "ಮಿಂಚುಳ್ಳಿ ನಿಂತಿದೆ. ಅದು ರೆಕ್ಕೆ ಬಡಿಯುತ್ತಿದೆ. ಅದು ಕೆಳಗೆ ನೋಡುತ್ತಿದೆ." ಬಿಡಿ ಬಿಡಿ ವಾಕ್ಯಗಳು, ಪ್ರತಿ ವಾಕ್ಯದ ಕೊನೆಗೆ ನಿಲ್ಲಬೇಕು, ಅಷ್ಟರಲ್ಲಿ ಮಿಂಚುಳ್ಳಿ ನೀರಿನೊಳಗೆ. ನಾಲ್ಕನೆಯವಳು ಬನ್ನೂರು ಕಡೆಯ ಅಜ್ಜಿಯ ಮೊಮ್ಮಗಳು. ಅವಳು ನಿಲ್ಲಿಸಲಿಲ್ಲ.

"ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ನಿಂತು, ರೆಕ್ಕೆ ಬಡಿಯುತ್ತಾ, ಮೀನನ್ನೇ ನೋಡುತ್ತಾ, ನೋಡುತ್ತಾ, ರೆಕ್ಕೆ ಮಡಚಿ, ಕಲ್ಲು ಬಿದ್ದ ಹಾಗೆ..." ಹಕ್ಕಿ ನೀರಿಗೆ ತಾಗಿದ ಕ್ಷಣಕ್ಕೆ ಸರಿಯಾಗಿ, "ಎರಗಿತು!"

ಕೋಣೆ ಒಂದು ಗಳಿಗೆ ಸುಮ್ಮನಾಯಿತು.

ನಮ್ಮ ಭಾಷೆಯ ಕಟ್ಟಡ ಅಂದು ಮಕ್ಕಳ ಮುಂದೆ ಬಿಚ್ಚಿಕೊಂಡಿತು. ನಿಂತು, ಬಡಿಯುತ್ತಾ, ಮಡಚಿ. ಏಳನೇ ತರಗತಿಯವರು ಇವನ್ನು ಕೃದಂತಾವ್ಯಯ ಎಂದು ಬಾಯಿಪಾಠ ಮಾಡುತ್ತಾರೆ, ಯಾಕೆಂದು ತಿಳಿಯದೆ. ಕನ್ನಡದಲ್ಲಿ ಕೆಲಸಗಳನ್ನು ಒಂದರ ಹಿಂದೊಂದು ಪೋಣಿಸುತ್ತಾ ಹೋಗಬಹುದು, ಎಲ್ಲೂ ವಾಕ್ಯ ಮುಗಿಯುವುದಿಲ್ಲ. ಪೂರ್ಣ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅದು ಬಂದಾಗಲೇ ಮಾತು ನೆಲ ಮುಟ್ಟುವುದು. ಸಿನಿಮಾದಲ್ಲಿ ದೃಶ್ಯಕ್ಕೆ ದೃಶ್ಯ ಅಂಟಿಸುವುದೂ ಹೀಗೆಯೇ. ಹೊಂಚು ಹಾಕುವ ಯಾವ ಜೀವಿಯನ್ನು ವರ್ಣಿಸುವುದಕ್ಕೂ ಇದಕ್ಕಿಂತ ಹೊಂದುವ ವಾಕ್ಯರಚನೆ ಬೇಡ. ಕೇಳುವವರು ಕೊನೆಯ ಪದದವರೆಗೆ ಉಸಿರು ಬಿಗಿಹಿಡಿದಿರುತ್ತಾರೆ.

'ಎರಗು' ಎಲ್ಲಿಂದ ಬಂತು ಎಂದು ಅವಳನ್ನು ಕೇಳಿದೆ. ಅಜ್ಜಿ ಕೋಳಿಮರಿಗಳನ್ನು ಕಾಯುವಾಗ ಹದ್ದು ಎರಗುತ್ತದೆ ಎನ್ನುತ್ತಾರಂತೆ. ಉಳಿದವರು 'ಅಲರ್' ನಿಘಂಟಿನಲ್ಲಿ ಹುಡುಕಿದರು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳಿರುವ ಅದು 2019ರಿಂದ ಎಲ್ಲರಿಗೂ ಉಚಿತವಾಗಿ ಅಂತರ್ಜಾಲದಲ್ಲಿದೆ. ಎರಗು ಎಂದರೆ ಮೇಲೆ ಬೀಳು, ಎರಗು ಎಂದರೆ ಬಾಗಿ ನಮಸ್ಕರಿಸು. "ಹಾಗಾದ್ರೆ ಮಿಂಚುಳ್ಳಿ ಕೆರೆಗೆ ನಮಸ್ಕಾರನೂ ಮಾಡ್ತು" ಎಂದಳು ಐದನೇ ತರಗತಿಯ ಚಿಕ್ಕವಳು. ಆ ಒಂದು 'ಮಾಡ್ತು' ನಾನು ತಿದ್ದಲಿಲ್ಲ.

ಕೊನೆಗೆ ಚಿತ್ರದ ಅಡಿಯಲ್ಲಿ ಅವಳ ವಾಕ್ಯವನ್ನೇ ಕನ್ನಡ ಅಕ್ಷರದಲ್ಲಿ ಹಾಕಿದೆವು. ಕೇಳುವ ಭಾಷೆಯಲ್ಲೇ ಅಡಿಬರಹ ಕೊಟ್ಟರೆ ಓದು ಗೊತ್ತಿಲ್ಲದಂತೆಯೇ ಸುಧಾರಿಸುತ್ತದೆ ಎಂಬ ವಿಚಾರವನ್ನು 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಮುಂದಿಟ್ಟರು. ಟಿವಿಯ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಲುಗಳನ್ನು ಹಾಕಿಸಿದ್ದು ಅವರ ಕೆಲಸ. ನಮ್ಮ ಗುಂಪಿನಲ್ಲಿ ಒತ್ತಕ್ಷರ ಕಂಡರೆ ತಡವರಿಸುವ ಹುಡುಗನೊಬ್ಬನಿದ್ದಾನೆ. ಆ ಮೂವತ್ತೆಂಟು ಸೆಕೆಂಡನ್ನು ಅವನು ಹನ್ನೊಂದು ಸಲ ನೋಡಿದ. ಹನ್ನೊಂದನೆಯ ಸಲ ಅವನ ತುಟಿ ಅಕ್ಷರಗಳ ಜೊತೆ ಸರಾಗವಾಗಿ ಅಲುಗುತ್ತಿತ್ತು.

ಏಪ್ರಿಲ್, ಮೊದಲ ಭಾನುವಾರ. 6.15. ಸೆಕೆ ಆಗಲೇ ಶುರು.

ಪೊದೆಯಿಂದ ಗಂಭೀರವಾದ 'ಊಪ್ ಊಪ್ ಊಪ್'. ಮಕ್ಕಳು ದನಿ ಹಿಡಿದರು, ಫೋನು ಹೆಸರು ಹೇಳಿತು. ಗೇಟಿನ ಬಳಿ ಸೊಪ್ಪು ಮಾರುವ ಅಜ್ಜಿಗೆ ಅದನ್ನು ಕೇಳಿಸಿದರು.

"ಕೆಂಬೂತ ಕಣ್ರವ್ವ. ನವಿಲು ನೋಡಿ ಕೆಂಬೂತ ಪುಕ್ಕ ಕೆದರ್ಕೊಂಡಂಗೆ ಅನ್ನಾಕಿಲ್ವಾ, ಅದೇಯ."

ಗಾದೆ ಒಂದು, ಅದರೊಳಗೆ 'ಕೆದರು' ಎಂಬ ಕ್ರಿಯಾಪದ ಒಂದು. ಎರಡೂ ಪಟ್ಟಿಗೆ ಹೋದವು. ಇದುವರೆಗಿನ ಟಿಪ್ಪಣಿಗಳನ್ನು ತಿರುವಿ ನೋಡಿದೆ. ಹೆಸರು ಹೆಚ್ಚಿನ ಸಲ ಫೋನಿನಿಂದ, ಪುಸ್ತಕದಿಂದ ಬಂದಿದೆ. ಕ್ರಿಯಾಪದ ಹೆಚ್ಚುಕಡಿಮೆ ಪ್ರತಿ ಸಲವೂ ಒಬ್ಬ ಮನುಷ್ಯರಿಂದ ಬಂದಿದೆ, ಅವರಲ್ಲಿ ಹೆಚ್ಚಿನವರು ಅಜ್ಜಿಯರು.

ಉಪಕರಣದ ಮಿತಿಯನ್ನೂ ಬರೆಯಬೇಕು. ಅದು ಕೇಳಿದ್ದನ್ನು ಊಹಿಸುತ್ತದೆ, ಊಹೆ ತಪ್ಪಬಹುದು. ಹಾಗಾಗಿ ಕಣ್ಣಿಗೆ ಬೀಳದ ಹಕ್ಕಿಯನ್ನು ನಮ್ಮ ಪಟ್ಟಿಗೆ ಸೇರಿಸುವುದಿಲ್ಲ. ಇನ್ನೊಂದು ಕಟ್ಟುನಿಟ್ಟಿನ ನಿಯಮವಿದೆ: ಮುದ್ರಿಸಿಕೊಂಡ ಕೂಗನ್ನು ಹಕ್ಕಿಯ ಎದುರು ನುಡಿಸಬಾರದು. ಗೂಡು ಕಟ್ಟುವ ಕಾಲದಲ್ಲಿ ಅದಕ್ಕೆ ಅದು ಎದುರಾಳಿಯ ದನಿ. ಹಕ್ಕಿ ಮರಿಗಳನ್ನು ಬಿಟ್ಟು ಹೋರಾಡಲು ಬರುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಕೇಳಿಸಿಕೊಳ್ಳಲು ಫೋನು ಬಳಸಬಹುದು, ಕೆಣಕಲು ಬಳಸಬಾರದು.

ಜೂನ್, ಕೊನೆಯ ಭಾನುವಾರ. 6.30. ಮೋಡ, ನಡುನಡುವೆ ಬಿಸಿಲು.

ಹೆಜ್ಜಾರ್ಲೆಯ ಗೂಡುಗಳು ಬಹುಪಾಲು ಖಾಲಿ. ಮರಿಗಳು ಹಾರಿವೆ. ಹಾಗಾಗಿ ಇಂದು ಹೊಸ ಪಾಠವೇನೂ ಇಲ್ಲ, ನವೆಂಬರಿನಲ್ಲಿ ನಿಂತಿದ್ದ ಜಾಗದಲ್ಲೇ ನಿಂತು ಐದು ವಾಕ್ಯ ಬರೆಯಿರಿ ಎಂದೆ. ಒಣ ಕೊಂಬೆ ಅಲ್ಲೇ ಇತ್ತು. ನೀರುಕಾಗೆಯೂ ಬಂತು, ಅದೇ ಹಕ್ಕಿಯೋ ಬೇರೆಯದೋ ಹೇಳಲು ಬರುವುದಿಲ್ಲ.

ಒಡಿಯಾ ಹುಡುಗಿ ಐದು ವಾಕ್ಯ ಬರೆಯಲಿಲ್ಲ. ಒಂದೇ ಬರೆದಳು: "ನೀರುಕಾಗೆ ಮುಳುಗಿ, ಮೀನು ಕಚ್ಚಿ, ಮೇಲೆದ್ದು, ಅದನ್ನು ನುಂಗಿ, ಕೊಂಬೆ ಹತ್ತಿ, ರೆಕ್ಕೆ ಹರವಿ ಬಿಸಿಲು ಕಾಯಿಸುತ್ತಿತ್ತು."

ಎಣಿಸಿದೆ. ಏಳು ಕೆಲಸಗಳಿಗೆ ಏಳು ಕ್ರಿಯಾಪದಗಳು. 'ಊ'ಕಾರದ ದೀರ್ಘ ಬರುವ ಪದ ಅದರಲ್ಲಿ ಇರಲಿಲ್ಲ. ಹಾಗಾಗಿ ಹಕ್ಕಿ ಎಲ್ಲಿಗೆ ಹಾರಿತು ಎಂದು ಕೇಳಿದೆ. "ಗೂಡಿಗೆ" ಎಂದಳು, ಊಕಾರವನ್ನು ತುಂಬಿ ಎಳೆದು.

ಇದನ್ನು ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಲ್ಲೂ ಒಂದು ಕೆರೆ ಇರುತ್ತದೆ, ಇಲ್ಲವೇ ಮನೆಯೆದುರು ಒಂದು ಮರವಾದರೂ ಇರುತ್ತದೆ. ಮಕ್ಕಳ ಜೊತೆ ಹದಿನೈದು ನಿಮಿಷ ಅಲ್ಲಿ ಕೂತುಕೊಳ್ಳಿ. ಹೆಸರು ಬೇಕಾದರೆ ಫೋನು ಹೇಳಲಿ. ಆಮೇಲೆ ಅದನ್ನು ಜೇಬಿಗಿಟ್ಟು, "ಈಗ ಅದು ಏನು ಮಾಡುತ್ತಿದೆ?" ಎಂದು ಕೇಳಿ. ಮಗುವಿಗೆ ಮಾತು ಸಿಗದಿದ್ದರೆ ನೀವೇ ಹೇಳಿಕೊಡಿ, ನಿಮಗೂ ಸಿಗದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಇರುವಾಗಲೇ ಕೇಳಿ.